ಮಿರುನಾ ಉಣ್ಣುವ ಹೆಸರುಗಳು

ದೊಮ್ನಿಕಾ ಮಿರುನಾಳನ್ನು ಮೊದಲು ಕಂಡದ್ದು ಮರಗಳಿಗೆ ಸುಣ್ಣ ಬಳಿಯುತ್ತಿದ್ದಾಗ. ಹಿಮ ಕರಗಿ ವಲೇನಿ ಊರಿನ ದಾರಿಯೆಲ್ಲ ಕೆಸರಾಗಿತ್ತು. ಈಸ್ಟರ್ ಹತ್ತಿರ ಬಂದಿತ್ತು. ಅಂಗಳದ ಪ್ಲಮ್ ಮರಗಳ ಬುಡಗಳೆಲ್ಲ ಅಷ್ಟರೊಳಗೆ ಬೆಳ್ಳಗಾಗಬೇಕಿತ್ತು. ಅವಳು ಎರಡನೆಯ ಸಾಲಿಗೆ ಬಂದಿದ್ದಾಗ ಮಕ್ಕಳ ರಕ್ಷಣಾ ಕಚೇರಿಯ ಕಾರು ಗೇಟಿನಿಂದ ಕೂಗಳತೆಯ ದೂರದಲ್ಲೇ ಹೂತುಕೊಂಡಿತು. ಕಚೇರಿಯ ಓತಿಲಿಯಾ ಇಳಿದು, ಹಿಂದಿನ ಬಾಗಿಲು ತೆಗೆದು, ಮಗುವೊಂದನ್ನು ಕಂಕುಳಿಗೆ ಏರಿಸಿಕೊಂಡು, ಕೆಸರಿನಲ್ಲಿ ಗಟ್ಟಿ ನೆಲ ಹುಡುಕುತ್ತ ಬಂದಳು.

ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ದೊಡ್ಡವರ ಉಣ್ಣೆ ಅಂಗಿಯನ್ನು ತೋಳು ಮಡಿಸಿ ತೊಡಿಸಿದ್ದರು. ತಲೆಗೆ ಕಟ್ಟಿದ ಕರಿಯ ವಸ್ತ್ರ ಯಾವುದೋ ಮುದುಕಿಯದು. ಅಳುತ್ತಿರಲಿಲ್ಲ. ಎರಡೂ ಕೈಯಲ್ಲಿ ಒಂದು ಮಣ್ಣಿನ ಬಟ್ಟಲನ್ನು ಎದೆಗೆ ಒತ್ತಿ ಹಿಡಿದಿತ್ತು. ಬಟ್ಟಲಿನ ಹಿಡಿಗೆ ಕೆಂಪು ನೂಲಿನ ತುಂಡೊಂದು ಸುತ್ತಿಕೊಂಡಿತ್ತು, ಅಂಚಿನ ಮೇಲೆ ಹಳದಿ ಮೇಣದ ಹನಿಯೊಂದು ಬಿದ್ದು ಗಟ್ಟಿಯಾಗಿತ್ತು. ಅಂಥ ಬಟ್ಟಲು ಆ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ದೊಮ್ನಿಕಾ ಅದನ್ನು ನೋಡಿಯೂ ನೋಡಲಿಲ್ಲ.

"ಹೆಸರು ಮಿರುನಾ," ಎಂದಳು ಓತಿಲಿಯಾ. "ಅಜ್ಜಿ ಹತ್ರ ಬೆಳೆದಿದ್ದು, ನದಿ ಆಚೆ ರಕೋವಾದಲ್ಲಿ. ಅಜ್ಜಿಗೆ ಲಕ್ವ ಹೊಡೀತು. ಮಾತು ಪೂರ್ತಿ ನಿಂತಿದೆ. ತಾಯಿ ಎಲ್ಲಿದಾಳೆ ಅಂತ ಯಾರಿಗೂ ಗೊತ್ತಿಲ್ಲ, ದೊಮ್ನಿಕಮ್ಮ."

ಹೊಸ ಮಗು ಬಂದಾಗ ಹೊಸ್ತಿಲಲ್ಲೇ ಒಂದು ತುತ್ತು ತಿನ್ನಿಸಿ ಒಳಗೆ ಕರೆದುಕೊಳ್ಳುವುದು ದೊಮ್ನಿಕಾಳ ಪದ್ಧತಿ. ಅವಳು ಸುಣ್ಣದ ಕೈ ಒರೆಸಿಕೊಂಡು, ಬೆಳಿಗ್ಗೆ ಸುಟ್ಟ ರೊಟ್ಟಿಯ ಮೆತ್ತನೆಯ ಭಾಗ ಮುರಿದು ಚಾಚಿದಳು. ಮಗು ರೊಟ್ಟಿಯನ್ನು ನೋಡಿತು. ಆಮೇಲೆ ಅವಳ ಬಾಯನ್ನು ನೋಡಿತು, ಏನೋ ಕಾಯುವಂತೆ. ಏನೂ ಬಾರದಿದ್ದಾಗ ಬಟ್ಟಲನ್ನು ಇನ್ನಷ್ಟು ಒತ್ತಿ ಹಿಡಿದು ಮುಖ ತಿರುಗಿಸಿತು.

ದೊಮ್ನಿಕಾಳಿಗೆ ಆಗ ಐವತ್ತು ದಾಟಿತ್ತು. ಪಟ್ಟಣದ ನೂಲಿನ ಗಿರಣಿ ಮುಚ್ಚುವವರೆಗೆ ಅವಳು ಅಲ್ಲಿ ನೂಲುತ್ತಿದ್ದಳು. ಗಿರಣಿ ಮುಚ್ಚಿದ ಮೇಲೆ ಕಚೇರಿಯವರು ಒಪ್ಪಿಸಿದ ಮಕ್ಕಳನ್ನು ಸಾಕುವುದೇ ಅವಳ ಕೆಲಸವಾಯಿತು. ಅದಕ್ಕೆ ಸಂಬಳವೂ ಇತ್ತು. ಮಿರುನಾಳಿಗಿಂತ ಮುಂಚೆ ಇಬ್ಬರು ಬಂದು, ಬೆಳೆದು, ತಮ್ಮವರನ್ನು ಸೇರಿದ್ದರು. ಅವಳಿಗೂ ಗಂಡ ಗ್ರಿಗೋರೆಗೂ ಸ್ವಂತ ಮಕ್ಕಳಿರಲಿಲ್ಲ. ಗ್ರಿಗೋರೆ ಜೇನು ಸಾಕುತ್ತಿದ್ದ, ಕಡಿಮೆ ಮಾತಿನವನು. ಮಗುವಿಲ್ಲದ ತಿಂಗಳುಗಳಲ್ಲಿ ಆ ಮನೆಯಲ್ಲಿ ಗೋಡೆ ಗಡಿಯಾರದ್ದೇ ದೊಡ್ಡ ಗಂಟಲು.

ಆ ಮಧ್ಯಾಹ್ನ ಮಗು ಕೂತಲ್ಲೇ ನಿದ್ದೆ ಹೋದಾಗ ದೊಮ್ನಿಕಾ ಅದರ ಬೆರಳು ಬಿಡಿಸಿ ಬಟ್ಟಲು ತೆಗೆದು ತೊಳೆದಳು. ಮೇಣದ ಹನಿಯನ್ನು ಚಾಕುವಿನಿಂದ ಕೆರೆದು ತೆಗೆದು, ಕೊಳಕು ನೂಲನ್ನು ಕತ್ತರಿಸಿ ಒಲೆಗೆ ಹಾಕಿದಳು. ಎದ್ದ ಮಗು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿತು. ಆಗಲೂ ಅಳಲಿಲ್ಲ.

ಸಂಜೆ ಒಂದು ಸಮಾಧಾನ ಸಿಕ್ಕಿತು. ದೊಮ್ನಿಕಾ ಮೆಕ್ಕೆಜೋಳದ ಮುದ್ದೆ ತಿರುವಿ, ಹಲಗೆಯ ಮೇಲೆ ಬೋರಲು ಹಾಕಿ, ದಾರದಿಂದ ಕೊಯ್ಯುತ್ತಿದ್ದಾಗ ಮಗು ಬೆಂಚಿನಿಂದ ಇಳಿದು ಬಂದು "ಲೀಗಾ" ಎಂದಿತು. ಮುದ್ದೆಗೆ ಮಗುವಿನ ಬಾಯಲ್ಲಿ ಲೀಗಾ ಎಂದು ಹೆಸರು. ಬಿಸಿ ತುಂಡನ್ನು ಊದಿ ಊದಿ ತಿಂದಿತು. ಪಕ್ಕದಲ್ಲಿ ಹಾಲಿತ್ತು, ಕುರಿಯ ಚೀಸ್ ಇತ್ತು, ಒಂದನ್ನೂ ಮುಟ್ಟಲಿಲ್ಲ. ಮರುದಿನವೂ ಬರೀ ಲೀಗಾ. ಅದರ ಮರುದಿನವೂ ಅಷ್ಟೆ. ಸೂಪು, ಮೊಟ್ಟೆ, ರೊಟ್ಟಿ, ಸಕ್ಕರೆ ಹಾಕಿದ ಹಾಲನ್ನ, ಯಾವುದನ್ನು ಮುಂದಿಟ್ಟರೂ ಮಗು ಮೊದಲು ತಟ್ಟೆಯನ್ನು, ಆಮೇಲೆ ದೊಮ್ನಿಕಾಳ ಬಾಯನ್ನು ನೋಡುತ್ತಿತ್ತು. ನೋಡಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿತ್ತು. ಹಸಿದ ಮಗು. ಕಣ್ಣು ತಟ್ಟೆಯ ಮೇಲೇ ಇರುತ್ತಿತ್ತು, ಕೈ ಮಾತ್ರ ಬರುತ್ತಿರಲಿಲ್ಲ.

ಪಟ್ಟಣದ ವೈದ್ಯೆ ತೂಕ ನೋಡಿ ತಲೆಯಾಡಿಸಿದಳು. ಬರೀ ಮುದ್ದೆಯಲ್ಲಿ ಮಗು ನಿಲ್ಲುವುದಿಲ್ಲ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ ಹಬ್ಬ ಕಳೆದ ಮೇಲೆ ಮತ್ತೆ ತೂಗೋಣ. ಅಷ್ಟರಲ್ಲಿ ಏರದಿದ್ದರೆ ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ಕೊಳವೆ ಇಳಿಸಿ ಉಣಿಸಬೇಕಾಗುತ್ತದೆ ಎಂದಳು. ಹೊರಗೆ ಕಾರಿನ ಹತ್ತಿರ ನಿಂತು ಓತಿಲಿಯಾ ಉಳಿದದ್ದನ್ನು ಹೇಳಿದಳು. ಆಸ್ಪತ್ರೆಗೆ ಹೋದ ಮಗು ವಲೇನಿಗೆ ತಿರುಗಿ ಬರುವುದಿಲ್ಲ, ಆಸ್ಪತ್ರೆಗೆ ಹತ್ತಿರವಿರುವ ಬೇರೆ ಮನೆಯನ್ನು ಹುಡುಕುತ್ತಾರೆ. ಅದು ಅವಳ ಕೈಯಲ್ಲಿರುವ ಮಾತಲ್ಲ. ಹೇಳುವಾಗ ಅವಳು ದೊಮ್ನಿಕಾಳ ಮುಖ ನೋಡಲಿಲ್ಲ.

ಈ ನಡುವೆ ಮಗು ಹೆಸರುಗಳನ್ನು ಹೇಳತೊಡಗಿತ್ತು.

ಮೊದಲು ಬಂದದ್ದು ತ್ವಾದೆರ್. ಒಲೆಯ ಮೇಲೆ ಹುರುಳಿಕಾಯಿಯ ಬೀಜ ಬೇಯುತ್ತಿದ್ದ, ಮಾಂಸ ಮುಟ್ಟದ ಒಂದು ಉಪವಾಸದ ದಿನ ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ "ತ್ವಾದೆರ್?" ಎಂದಿತು. ದೊಮ್ನಿಕಾ ತಿರುಗಿ ಅಂಗಳ ನೋಡಿದಳು, ಯಾರೂ ಇರಲಿಲ್ಲ. ಇನ್ನೊಂದು ದಿನ ಪ್ರೊಫೀರಾ. ಮತ್ತೊಂದು ದಿನ ಇಫ್ತೀಮಿ. ಪ್ರತಿ ಸಲವೂ ಊಟದ ಹೊತ್ತಿಗೇ, ಪ್ರತಿ ಸಲವೂ ಕೇಳುವ ದನಿಯಲ್ಲಿ.

"ನಮ್ಮನೆ ಊಟಕ್ಕೆ ಇಷ್ಟೊಂದು ಜನ ನೆಂಟರು ಬರ್ತಾರೆ ಅಂತ ಮೊದ್ಲೇ ಹೇಳಿದ್ರೆ ಇನ್ನೊಂದು ಬೆಂಚು ಮಾಡ್ತಿದ್ದೆ," ಎಂದ ಗ್ರಿಗೋರೆ.

ದೊಮ್ನಿಕಾ ನಗಲಿಲ್ಲ. ಮಗು ತನ್ನವರನ್ನು ಕಾಯುತ್ತಿದೆ, ಅವರು ಬಂದು ಕೂತರೆ ತಿನ್ನುತ್ತದೆ ಎಂದು ಅವಳಿಗೆ ಅನ್ನಿಸಿತು. ಓತಿಲಿಯಾಳಿಗೂ ಹಾಗೇ ಅನ್ನಿಸಿತು. ಕಚೇರಿಯಲ್ಲಿ ಹುಡುಕಿಸಿದಳು, ಆ ಹೆಸರಿನ ಸಂಬಂಧಿಕರು ಮಗುವಿಗೆ ಇರಲಿಲ್ಲ. ಅಜ್ಜಿ ಕಾತಿಂಕಾಳನ್ನು ಕೇಳೋಣವೆಂದರೆ ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ಹೇಳಿದ್ದು ತಿಳಿಯುತ್ತದೋ ಇಲ್ಲವೋ ಅದೂ ಗೊತ್ತಾಗುತ್ತಿರಲಿಲ್ಲ.

ಈಸ್ಟರ್ ಮುಗಿದ ಮೇಲೆ ದೊಮ್ನಿಕಾ ಮಗುವನ್ನು ಗಂಡನ ಹತ್ತಿರ ಬಿಟ್ಟು ಬಸ್ಸು ಹತ್ತಿ ನದಿ ದಾಟಿ ರಕೋವಾಕ್ಕೆ ಹೋದಳು. ಕಾತಿಂಕಾಳ ಮನೆ ಊರ ಕೊನೆಯಲ್ಲಿತ್ತು. ಒಂದೇ ಕೋಣೆ, ಬೀಗ ಹಾಕಿತ್ತು, ಹಿತ್ತಲಲ್ಲಿ ಒಂದು ಕೋಳಿಯೂ ಇರಲಿಲ್ಲ. ಪಕ್ಕದ ಮನೆಯ ಅನೀತ್ಸಾ ಎಂಬ ಗಟ್ಟಿಗಿತ್ತಿ ಹೆಂಗಸು ಬೇಲಿಯ ಹತ್ತಿರ ಬಂದಳು. ದೊಮ್ನಿಕಾ ತ್ವಾದೆರ್ ಯಾರೆಂದು ಕೇಳಿದಳು.

"ಯಾವ ತ್ವಾದೆರ್? ಈ ಊರಲ್ಲಿ ಒಬ್ನೇ ಇದ್ದಿದ್ದು, ಹಿಟ್ಟಿನ ಗಿರಣಿಯವನು. ಅವನನ್ನ ಕಂಡು ಏನ್ಮಾಡ್ತೀಯಕ್ಕ, ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ಹೋದ."

"ಪ್ರೊಫೀರಾ?"

"ಸೂಲಗಿತ್ತಿ ಪ್ರೊಫೀರಾ. ಅವಳೂ ಹೋದ್ಲು." ಅನೀತ್ಸಾಳ ದನಿ ತಗ್ಗಿತು. "ಯಾಕೆ ಕೇಳ್ತಿದೀಯ?"

ಇಫ್ತೀಮಿಯ ಹೆಸರನ್ನು ದೊಮ್ನಿಕಾ ಕೇಳಬೇಕೋ ಬೇಡವೋ ಎಂದು ತಡೆದಳು. ಕೇಳಿದಳು. ಅನೀತ್ಸಾ ಶಿಲುಬೆಯ ಗುರುತು ಮಾಡಿಕೊಂಡು, ಗದ್ದವೆತ್ತಿ ಚರ್ಚಿನ ಹಿಂದಿನ ಗುಡ್ಡವನ್ನು ತೋರಿಸಿದಳು. ಅಲ್ಲಿ ಮರದ ಶಿಲುಬೆಗಳು ಸಾಲಾಗಿ ನಿಂತಿದ್ದವು.

ಮಗು ಈ ಹೆಸರುಗಳನ್ನು ದಿನವೂ ಕರೆಯುತ್ತದೆಂದು ತಿಳಿದ ಮೇಲೆ ಅನೀತ್ಸಾ ಬೇಲಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕಾತಿಂಕಾ ಊರಿನ ಒಂದು ಶವಸಂಸ್ಕಾರವನ್ನೂ ತಪ್ಪಿಸಿದವಳಲ್ಲ, ಒಂದು ತಿಥಿಯನ್ನೂ ಬಿಟ್ಟವಳಲ್ಲ, ಎಲ್ಲದಕ್ಕೂ ಈ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಿದ್ದಳು ಎಂದು ಹೇಳಿದಳು. "ಆ ಮಗು ಬದುಕಿದ್ದೋರಿಗಿಂತ ಸತ್ತೋರ ಜೊತೇಲೇ ಹೆಚ್ಚು ಇತ್ತಕ್ಕ. ಅವರು ಬಿಡ್ತಿಲ್ಲ ಅದನ್ನ. ಹೆಸರೆತ್ತೋಕೆ ಬಿಡಬೇಡ. ಕರೆದ್ರೆ ಬರ್ತಾರೆ."

ಸತ್ತವರನ್ನು ಹೆಸರು ಹಿಡಿದು ಕರೆಯಬಾರದೆನ್ನುವುದು ದೊಮ್ನಿಕಾಳಿಗೆ ಗೊತ್ತಿಲ್ಲದ ಮಾತಲ್ಲ. ಅವಳ ತಾಯಿಯೂ ಅದನ್ನೇ ಹೇಳುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಮಗುವಿನ ತೆಳ್ಳನೆಯ ಕುತ್ತಿಗೆ, ಬೆನ್ನ ಹಿಂದೆ ಕಟ್ಟಿಕೊಂಡ ಕೈಗಳು ಕಣ್ಮುಂದೆ ಬಂದವು. ತಿನ್ನದ ಮಗು, ಸತ್ತವರನ್ನು ಕರೆಯುವ ಮಗು. ಎರಡಕ್ಕೂ ಒಂದೇ ಕಾರಣವೆಂದು ಅವಳ ಮನಸ್ಸು ಗಂಟು ಹಾಕಿತು.

ಅಲ್ಲಿಂದ ಅವಳ ಕಾವಲು ಶುರುವಾಯಿತು. ಮಗುವಿನ ಮುಂಗೈಗೆ ಕೆಂಪು ದಾರ ಕಟ್ಟಿದಳು. ಅಂಗಿಯ ಅಂಚಿನಲ್ಲಿ ಬೆಳ್ಳುಳ್ಳಿಯ ಎಸಳು ಹೊಲಿದಳು. ಪಾದ್ರಿಯನ್ನು ಕರೆಸಿ ತಲೆಯ ಮೇಲೆ ಪ್ರಾರ್ಥನೆ ಓದಿಸಿದಳು. ಪಾದ್ರಿ ಓದಿ ಮುಗಿಸಿ, ಮಗು ಹೆದರಿದ ಹಾಗೆ ಕಾಣುವುದಿಲ್ಲ, ಹೆದರಿರುವುದು ನೀನು ಎಂದು ಹೇಳಿ ಹೋದ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗು "ತ್ವಾ" ಎನ್ನುವಷ್ಟರಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು "ಶ್, ಆ ಹೆಸರು ಬೇಡ ಕಂದ," ಎನ್ನುತ್ತಿದ್ದಳು. ಗದರಿಸುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು. ಆದರೂ ಬಾಯಿಗೆ ಅಡ್ಡ ಬಂದ ಕೈ ಕೈಯೇ.

ಮಗು ಬೇಗ ಕಲಿಯಿತು. ಕೆಲವೇ ದಿನಗಳಲ್ಲಿ ಹೆಸರುಗಳು ನಿಂತವು. ಆಮೇಲೆ ಬೇರೆ ಮಾತುಗಳೂ ನಿಂತವು. ಬೆಕ್ಕನ್ನು ಕರೆಯುವುದು, ಜೇನುಪೆಟ್ಟಿಗೆಗಳ ಹತ್ತಿರ ಗ್ರಿಗೋರೆಯ ಪ್ಯಾಂಟು ಹಿಡಿದು "ಝೂಂ" ಎನ್ನುವುದು, ಎಲ್ಲ ಹೋಯಿತು. ಕೊನೆಗೆ ಒಂದು ಸಂಜೆ ಮುದ್ದೆ ಬೋರಲು ಹಾಕಿದಾಗ ಬೆಂಚಿನಿಂದ ಇಳಿಯಲೂ ಇಲ್ಲ. ದೊಮ್ನಿಕಾ ತಾನೇ "ಲೀಗಾ, ನೋಡು ಲೀಗಾ," ಎಂದು ತುಂಡನ್ನು ತುಟಿಗೆ ಹಿಡಿದಳು. ಮಗು ಒಂದಿಷ್ಟು ಕಚ್ಚಿ ಕೆನ್ನೆಯೊಳಗೆ ಇಟ್ಟುಕೊಂಡು ಕೂತಿತು, ನುಂಗಲಿಲ್ಲ.

ಗ್ರಿಗೋರೆ ಚಮಚ ಕೆಳಗಿಟ್ಟ. "ನೀನು ಬಾಯಿ ಮುಚ್ಚಿಸ್ತಾ ಇದೀಯ. ಮುಚ್ಚಿದ ಬಾಯಿಗೆ ಊಟ ಹೇಗೆ ಹೋಗುತ್ತೆ?"

"ನೀನು ರಕೋವಾದ ಗುಡ್ಡ ನೋಡಿಲ್ಲ," ಎಂದಳು ಅವಳು.

ಪೆಂತೆಕೋಸ್ತದ ಹಿಂದಿನ ಶನಿವಾರ ಹಿರಿಯರ ದಿನ. ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಹೊಸ ಮಣ್ಣಿನ ಬಟ್ಟಲುಗಳಲ್ಲಿ ಹಾಲೋ ಹಾಲನ್ನವೋ ತುಂಬಿ, ಹಿಡಿಗೆ ಕೆಂಪು ನೂಲಿನಿಂದ ಚೆರ್ರಿ ಗೊಂಚಲು ಕಟ್ಟಿ, ಅಂಚಿಗೆ ಮೇಣದ ಬತ್ತಿ ಅಂಟಿಸಿ ಹಚ್ಚಿ, ತಮ್ಮ ಸತ್ತವರ ಗೋರಿಯ ಮೇಲಿಂದ ದಾಟಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಕೊಡುವವರು ಸತ್ತವರ ಹೆಸರು ಹೇಳಬೇಕು. ತೆಗೆದುಕೊಂಡವರು ದೇವರು ಅವರನ್ನು ಮನ್ನಿಸಲಿ ಎಂದು ಹೇಳಿ, ಒಂದು ಹನಿ ನೆಲಕ್ಕೆ ಚೆಲ್ಲಿ, ಆಮೇಲೆ ತಿನ್ನಬೇಕು. ಅಲ್ಲಿ ಕೊಟ್ಟದ್ದು ಮೇಲಿರುವವರಿಗೆ ಮುಟ್ಟುತ್ತದೆ. ದೊಮ್ನಿಕಾ ಮದುವೆಯಾಗಿ ಬಂದ ವರ್ಷದಿಂದ ಅತ್ತೆ ರುಕ್ಸಾಂದಾಳ ಜೊತೆ ಹೋಗಿ ಕೊಟ್ಟವಳು. ಅತ್ತೆ ತೀರಿಕೊಂಡ ಮೇಲೆ ಅತ್ತೆಯ ಹೆಸರಿನಲ್ಲಿ ಕೊಟ್ಟವಳು. ಬುಟ್ಟಿ ತುಂಬ ಒಯ್ಯುವ ಮನೆ ಅವರದು.

ಆ ಶನಿವಾರ ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಹಬ್ಬ ಕಳೆದರೆ ತೂಕದ ದಿನ. ಆದರೆ ಹೋಗದಿದ್ದರೆ ಅತ್ತೆ ಮೇಲೆ ಬರಿಗೈಯಲ್ಲಿ ಕೂತಿರುತ್ತಾಳೆ. ಮಗುವನ್ನು ಮನೆಯಲ್ಲಿ ಬಿಡೋಣವೆಂದರೆ ನೋಡಿಕೊಳ್ಳಲು ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಕೊನೆಗೆ ಗ್ರಿಗೋರೆ ಬುಟ್ಟಿಗಳನ್ನು ಹೊತ್ತ, ಅವಳು ಮಗುವನ್ನು ಎತ್ತಿಕೊಂಡಳು. ದಾರಿಯುದ್ದಕ್ಕೂ ಅದರ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡೇ ನಡೆದಳು. ಮಗು ತನ್ನ ಹಳೆಯ ಬಟ್ಟಲನ್ನು ಬಿಟ್ಟಿರಲಿಲ್ಲ, ಅದು ಅವಳ ಬೆನ್ನಿಗೆ ತಾಗುತ್ತಿತ್ತು.

ಸ್ಮಶಾನದಲ್ಲಿ ಜನ, ಹೊಗೆ, ಬಿಸಿಲು. ಗೋರಿಗೋರಿಗೂ ಬಿಳಿಯ ಬಟ್ಟೆ ಹಾಸಿ ಊಟ ಇಟ್ಟಿದ್ದರು. ಪಾದ್ರಿ ಧೂಪ ಬೀಸುತ್ತ ಸಾಲಿನಿಂದ ಸಾಲಿಗೆ ಬರುತ್ತಿದ್ದ. ಮಗು ಭುಜದ ಮೇಲೆ ತಲೆ ಎತ್ತಿತು. ಮೂಗು ಅರಳಿಸಿತು. ಅಷ್ಟು ದಿನ ಚೀಲದಂತೆ ಜೋತಾಡುತ್ತಿದ್ದ ಮೈಯಲ್ಲಿ ಇದ್ದಕ್ಕಿದ್ದಂತೆ ಬಲ ಬಂತು, ಒದ್ದುಕೊಂಡು ಕೆಳಗಿಳಿಯಿತು. ದೊಮ್ನಿಕಾ ಹಿಡಿಯುವಷ್ಟರಲ್ಲಿ ಅದು ಗೋರಿಗಳ ನಡುವೆ, ಯಾರ ಹಾಸನ್ನೂ ತುಳಿಯದೆ, ದೊಡ್ಡವರಂತೆ ಹೆಜ್ಜೆ ಇಟ್ಟು ನಡೆದು ಹೋಗಿ, ಮುದುಕಿ ಸವೇತಾಳ ಗಂಡನ ಗೋರಿಯ ಕಾಲ ಬದಿಯಲ್ಲಿ ಕೂತಿತು. ಎರಡೂ ಕೈಯಲ್ಲಿ ಬಟ್ಟಲು ಚಾಚಿತು.

ಸವೇತಾಳಿಗೆ ಕಣ್ಣು ಮಂಜು. ಯಾರ ಮಗುವೆಂದೂ ನೋಡಲಿಲ್ಲ. ಬಟ್ಟಲಿಗೆ ಹಾಲನ್ನ ಹಾಕುತ್ತ, "ತಗೋ ಕಂದ, ನಮ್ಮ ಗಾವ್ರಿಲ್‌ನ ಆತ್ಮಕ್ಕೆ," ಎಂದಳು.

"ದೇವ್ರು ಮನ್ಸ್ಲಿ," ಎಂದಿತು ಮಿರುನಾ.

ದನಿ ಸ್ವಚ್ಛವಾಗಿತ್ತು. ಮಗು ಬಟ್ಟಲನ್ನು ಓರೆ ಮಾಡಿ ಒಂದು ಹನಿ ಹುಲ್ಲಿನ ಮೇಲೆ ಚೆಲ್ಲಿತು. ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಳ್ಳತೊಡಗಿತು.

ದೊಮ್ನಿಕಾ ಧಾವಿಸಿದಳು. ಸತ್ತವನ ಹೆಸರು, ಅದೂ ಗೋರಿಯ ಬದಿಯಲ್ಲೇ ಕೂತು, ಕಿವಿಯಾರೆ ಕೇಳಿಸಿಕೊಂಡು. ಬಟ್ಟಲು ಕಿತ್ತುಕೊಳ್ಳಲು ಕೈ ಚಾಚಿದವಳ ಮುಂಗೈಯನ್ನು ಹಿಂದಿನಿಂದ ಗ್ರಿಗೋರೆ ಹಿಡಿದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಅವಳ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದವನಲ್ಲ.

"ತಿಂತಾ ಇದೆ," ಎಂದ. "ನಿಂತ್ಕೊ."

ಅವಳು ನಿಂತಳು. ಮಗು ಬಟ್ಟಲಿನ ತಳ ನೆಕ್ಕಿತು. ಎದ್ದು ಬಂದು ದೊಮ್ನಿಕಾಳ ಬುಟ್ಟಿಯ ಮುಂದೆ ಕೂತಿತು. ಬುಟ್ಟಿಯಲ್ಲಿ ಹಿಟ್ಟನ್ನು ಜಡೆಯಂತೆ ಹೆಣೆದು ಸುಟ್ಟ ರೊಟ್ಟಿಗಳಿದ್ದವು, ಬೇಯಿಸಿದ ಹುರುಳಿಕಾಯಿ ಬೀಜದ ಪಲ್ಯದ ಬೋಗುಣಿಯಿತ್ತು. ಮಗು ಬಟ್ಟಲು ಚಾಚಿ, ಮೊದಲ ದಿನ ಹೊಸ್ತಿಲಲ್ಲಿ ನೋಡಿದ ಹಾಗೆಯೇ ಅವಳ ಬಾಯನ್ನು ನೋಡಿತು.

ದೊಮ್ನಿಕಾ ರೊಟ್ಟಿಯೊಂದನ್ನು ಕೈಗೆತ್ತಿಕೊಂಡಳು. ತಿಂಗಳಿಡೀ ಯಾವುದಕ್ಕೆ ಕೈ ಅಡ್ಡ ಹಿಡಿದಿದ್ದಳೋ ಅದನ್ನು ಈಗ ಅವಳೇ ಹೇಳಬೇಕಿತ್ತು. ಸುತ್ತಲೂ ನೂರು ಜನ ಅದನ್ನೇ ಹೇಳುತ್ತಿದ್ದರು, ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದರು, ಒಬ್ಬರಿಗೂ ಏನೂ ಆಗಿರಲಿಲ್ಲ. ಅವಳು ರೊಟ್ಟಿ ಮುರಿದಳು.

"ರುಕ್ಸಾಂದಾ ಅಜ್ಜಿಯ ಆತ್ಮಕ್ಕೆ."

"ದೇವ್ರು ಮನ್ಸ್ಲಿ." ಮಗು ರೊಟ್ಟಿ ತೆಗೆದುಕೊಂಡಿತು. ಎರಡು ತುತ್ತು ತಿಂದು, ರೊಟ್ಟಿಯನ್ನು ಎತ್ತಿ ಹಿಡಿದು, ತಪ್ಪು ತಿದ್ದುವವರಂತೆ "ಪ್ರೊಫೀರಾ," ಎಂದಿತು. ಆಮೇಲೆ ಬೋಗುಣಿಯೊಳಗೆ ಬಗ್ಗಿ ನೋಡಿ, ಕಂಡು ಹಿಡಿದ ಸಂತೋಷದಲ್ಲಿ, "ತ್ವಾದೆರ್!"

ದೊಮ್ನಿಕಾ ಗೋರಿಯ ಅಂಚಿನಲ್ಲಿ ಕೂತಳು. ಬೀಜದ ಪಲ್ಯ ತ್ವಾದೆರ್. ಹೆಣೆದ ರೊಟ್ಟಿ ಪ್ರೊಫೀರಾ. ಹಾಗಾದರೆ ಇಫ್ತೀಮಿ? ಇಫ್ತೀಮಿಯನ್ನು ಅದು ಕೇಳಿದ್ದು ಅವಳು ಹಾಲನ್ನ ಕಾಯಿಸಿದ ದಿನ.

ರಕೋವಾದ ಒಂದು ಕೋಣೆಯ ಮನೆ ಅವಳ ಕಣ್ಣಿಗೆ ಕಟ್ಟಿತು. ಕೋಳಿಯಿಲ್ಲ, ಹಸುವಿಲ್ಲ, ಹಿಟ್ಟಿನ ಡಬ್ಬಿ ಬಿಟ್ಟರೆ ಮತ್ತೇನೂ ಇರಲಾರದ ಮನೆ. ಮುದ್ದೆಯೊಂದನ್ನು ಕಾತಿಂಕಾ ತಾನೇ ತಿರುವುತ್ತಿದ್ದಳು, ಅದಕ್ಕೆ ಯಾರ ಹೆಸರೂ ಬೇಕಿರಲಿಲ್ಲ. ಉಳಿದದ್ದೆಲ್ಲ ಸತ್ತವರ ಲೆಕ್ಕದಲ್ಲಿ ಬಂದಿರಬೇಕು. ಗಿರಣಿಯವನ ಮನೆಯವರು ತಿಥಿತಿಥಿಗೆ ಬೀಜದ ಪಲ್ಯ ಕೊಟ್ಟಿರಬೇಕು, ಸೂಲಗಿತ್ತಿಯ ಮಕ್ಕಳು ರೊಟ್ಟಿ ಕೊಟ್ಟಿರಬೇಕು. ಮುದುಕಿ ಅದನ್ನು ಮನೆಗೆ ತಂದು, ಕಾಯಿಸಿ, "ಬಾ, ತ್ವಾದೆರ್‌ದು ಸ್ವಲ್ಪ ಉಳಿದಿದೆ, ತಿನ್ನು," ಎಂದಿರಬೇಕು. ಹೆಸರು ಹೇಳಿ ಕೊಟ್ಟದ್ದು ಮಾತ್ರ ನಮ್ಮದು, ಹೆಸರು ಹೇಳದೆ ಇಟ್ಟದ್ದು ಬೇರೆಯವರದು, ಅದಕ್ಕೆ ಕೈ ಹಾಕಬಾರದು ಎಂದು ಕಲಿಸಿರಬೇಕು. ಮಗು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದು ಅದಕ್ಕೆ. ಬಟ್ಟಲಿನ ಮೇಣವನ್ನು ತಾನೇ ಕೆರೆದು ತೆಗೆದದ್ದು ದೊಮ್ನಿಕಾಳಿಗೆ ನೆನಪಾಯಿತು.

"ನಾವು ಯಾವತ್ತೂ ಕೊಡೋ ಕಡೇಲೇ ನಿಂತಿದ್ವಿ," ಎಂದ ಗ್ರಿಗೋರೆ. "ನಮಗೆ ಅದು ಅಮ್ಮನ ಹೆಸರು. ಇದಕ್ಕೆ ಊಟದ ಹೆಸರು."

ಆದರೆ ಅದರಿಂದ ಎಲ್ಲ ಸರಿಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಮನೆಯ ಮೇಜಿನ ಮೇಲೆ ಮೊಟ್ಟೆ, ಹಾಲು ಇಟ್ಟಾಗ ಮಗುವಿನ ಕೈ ಮತ್ತೆ ಬೆನ್ನ ಹಿಂದೆ ಹೋಯಿತು. ಸ್ಮಶಾನದಲ್ಲಿ ಹೇಳುವುದು ಒಂದು. ಮನೆಯೊಳಗೆ, ದಿನವೂ ಮೂರು ಹೊತ್ತು, ಮಗುವಿನ ತಲೆಯ ಮೇಲೆ ಸತ್ತವರ ಹೆಸರು ಹೇಳುವುದು ಇನ್ನೊಂದು. ಹಾಗೆ ಮಾಡಿದವರನ್ನು ಅವಳು ಕಂಡಿರಲಿಲ್ಲ. ಅನೀತ್ಸಾಳ ಮಾತು ಇನ್ನೂ ಎದೆಯಲ್ಲಿ ಕೂತಿತ್ತು. ಕರೆದ್ರೆ ಬರ್ತಾರೆ.

ಪೂಜೆ ಮುಗಿದ ಮೇಲೆ ಅವಳು ಚರ್ಚಿನ ಮೆಟ್ಟಿಲಲ್ಲಿ ಪಾದ್ರಿಯನ್ನು ತಡೆದು ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಪಾದ್ರಿ ಹಬ್ಬಕ್ಕೆ ಚರ್ಚಿನಲ್ಲಿ ಹಂಚಿದ ವಾಲ್‌ನಟ್ ಸೊಪ್ಪನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಕೇಳಿಸಿಕೊಂಡ.

"ದಿನಾ ಕೊಟ್ರೆ ಪಾಪ ಆಗುತ್ತಾ ಗುರುಗಳೇ?"

"ನಮ್ಮೂರಲ್ಲಿ ವರ್ಷಕ್ಕೊಂದ್ಸಲ ಕೊಡೋಕೇ ಗೊಣಗೋರಿದಾರೆ," ಎಂದ ಪಾದ್ರಿ. "ತಮ್ಮ ಹೆಸರಲ್ಲಿ ಒಂದು ಮಗು ದಿನಾ ಉಂಡ್ರೆ ಮೇಲಿರೋರು ಬೇಡ ಅಂತಾರಾ? ಹೋಗಮ್ಮ, ಸೂಪು ಆರಿಹೋಗುತ್ತೆ."

ಆ ಮಧ್ಯಾಹ್ನ ದೊಮ್ನಿಕಾ ಮಗುವಿನ ಮುಂಗೈಯ ದಾರ ಕತ್ತರಿಸಿದಳು. ಬಟ್ಟಲಿನ ಅಂಚಿಗೆ ಬತ್ತಿಯಿಂದ ಒಂದು ಹನಿ ಮೇಣ ಬೀಳಿಸಿದಳು. ಹಾಲನ್ನ ಹಾಕಿ, "ತಗೋ ಮಿರುನಾ, ಇಫ್ತೀಮಿಯ ಆತ್ಮಕ್ಕೆ," ಎಂದಳು. ಮಗು ಮೇಣದ ಹನಿಯನ್ನು ಬೆರಳಿನಿಂದ ಮುಟ್ಟಿ ನೋಡಿತು. ಒಂದು ಹನಿ ನೆಲಕ್ಕೆ ಚೆಲ್ಲಿತು; ಅಡುಗೆಮನೆಯ ನೆಲ, ಚೆಲ್ಲಲಿ. ಬಟ್ಟಲು ಖಾಲಿಯಾಯಿತು.

ಮೊಟ್ಟೆಗೆ, ಚೀಸಿಗೆ, ಕೋಳಿ ಸೂಪಿಗೆ ಮಗುವಿನಲ್ಲಿ ಹೆಸರಿರಲಿಲ್ಲ. ರಕೋವಾದಲ್ಲಿ ಅವನ್ನು ಯಾರೂ ಕೊಟ್ಟಿರಲಿಕ್ಕಿಲ್ಲ. ದೊಮ್ನಿಕಾ ತನ್ನ ಕಡೆಯವರನ್ನು ಒಬ್ಬೊಬ್ಬರಾಗಿ ಕರೆತಂದಳು. ಮೊಟ್ಟೆ ಅವಳ ತಾಯಿಯಾಯಿತು. ಚೀಸು, ಕುರಿ ಕಾಯುತ್ತಿದ್ದ ಅವಳ ಚಿಕ್ಕಪ್ಪ. ಸೂಪನ್ನು ಅತ್ತೆಗೆ ಬಿಟ್ಟಳು. ಬದುಕಿದ್ದಾಗ ಸೊಸೆಯ ಸೂಪಿಗೆ ಉಪ್ಪಿಲ್ಲವೆಂದು ಆಡಿಕೊಳ್ಳುತ್ತಿದ್ದವಳು, ಈಗ ದಿನವೂ ಕುಡಿಯಲಿ ಎಂದು ಗ್ರಿಗೋರೆಗೆ ಹೇಳಿದಳು. ಅವನು ಕೆಮ್ಮಿಕೊಂಡು ನಕ್ಕ.

ತೂಕದ ದಿನ ಬಂತು. ಒಂದೆರಡು ದಿನದ ಊಟ ತಕ್ಕಡಿಗೆ ತಿಳಿಯುವುದೇ? ಮುಳ್ಳು ಹಳೆಯ ಗೆರೆಯಿಂದ ಕೂದಲೆಳೆಯಷ್ಟು ಮಾತ್ರ ಮೇಲೆ ನಿಂತಿತು. ವೈದ್ಯೆ ಅದನ್ನು ನೋಡಿ ಕುರ್ಚಿಗೆ ಒರಗಿದಳು. ಇಷ್ಟು ಸಾಲುವುದಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ದೊಮ್ನಿಕಾ ಬುಟ್ಟಿ ಬಿಚ್ಚಿದಳು. ಹೇಳಿದರೆ ಹುಚ್ಚಿಯೆನ್ನಬಹುದು, ಇಂಥವಳ ಕೈಯಲ್ಲಿ ಮಗುವೇ ಬೇಡವೆನ್ನಬಹುದು ಎಂಬ ಭಯವಿತ್ತು. ಹೇಳದಿದ್ದರೆ ಕೊಳವೆ. ಅವಳು ವೈದ್ಯೆಯ ಮೇಜಿನ ಮೇಲೆಯೇ ಬಟ್ಟಲಿಟ್ಟು ಬೀಜದ ಪಲ್ಯ ಹಾಕಿದಳು.

"ತಗೋ ಕಂದ, ತ್ವಾದೆರ್‌ನ ಆತ್ಮಕ್ಕೆ."

ಮಗು ತನ್ನ ಮಾತು ಹೇಳಿತು, ಹನಿ ಚೆಲ್ಲಿತು, ತಿಂದಿತು. ಬಟ್ಟಲು ಖಾಲಿಯಾಗುವವರೆಗೆ ವೈದ್ಯೆ ಕಣ್ಣು ತೆಗೆಯಲಿಲ್ಲ. ಓತಿಲಿಯಾ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ತಾನೂ ಹಳ್ಳಿಯವಳು, ಇಷ್ಟು ದಿನ ಆ ಹೆಸರುಗಳನ್ನು ಸಂಬಂಧಿಕರಲ್ಲಿ ಹುಡುಕುತ್ತಿದ್ದೆ ಎಂದಳು. ಆಸ್ಪತ್ರೆಯ ಮಾತು ಆ ದಿನ ಮುಂದಕ್ಕೆ ಹೋಯಿತು. ಬೇಸಿಗೆ ಕಳೆಯುವಷ್ಟರಲ್ಲಿ ಮಗುವಿನ ಕೆನ್ನೆ ತುಂಬಿತು, ಆ ಮಾತು ಮತ್ತೆ ಬರಲಿಲ್ಲ.

ಶರತ್ಕಾಲದಲ್ಲಿ ದೊಮ್ನಿಕಾ ಮಿರುನಾಳನ್ನು ಕಾತಿಂಕಾ ಮಲಗಿದ್ದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಗು ಹಾಸಿಗೆಯ ಅಂಚಿಗೆ ಹತ್ತಿ ಕೂತು, ತಂದಿದ್ದ ಮುದ್ದೆಯನ್ನು ಚೂರು ಮಾಡಿ, "ಲೀಗಾ," ಎಂದು ಅಜ್ಜಿಯ ತುಟಿಗೆ ಇಟ್ಟಿತು. ಮುದುಕಿಯ ಅರ್ಧ ಬಾಯಿ ಅಲುಗಿತು. ಓಡಾಡುವ ಒಂದು ಕೈಯಿಂದ ಮಗುವಿನ ತುಂಬಿದ ತೋಳನ್ನು ಒತ್ತಿ ನೋಡಿದಳು, ಸಂತೆಯಲ್ಲಿ ಕುರಿಮರಿಯನ್ನು ಒತ್ತಿ ನೋಡುವ ಹಾಗೆ. ಆಮೇಲೆ ಅದೇ ಕೈಯಲ್ಲಿ ದೊಮ್ನಿಕಾಳ ಬೆರಳು ಹಿಡಿದುಕೊಂಡಳು. ಆ ಚಳಿಗಾಲದಲ್ಲಿ ತೀರಿಕೊಂಡಳು. ಮುಂದಿನ ಹಿರಿಯರ ದಿನ ಮಿರುನಾ ಮೊದಲ ಸಲ ಕೊಡುವ ಕಡೆ ನಿಂತು, ಸವೇತಾಳಿಗೆ ಬಟ್ಟಲು ದಾಟಿಸಿ, ಕಾತಿಂಕಾ ಎಂದಳು. ಇನ್ನು ಮುದ್ದೆಗೆ ಅಜ್ಜಿಯ ಹೆಸರಿಡೋಣವೇ ಎಂದು ಗ್ರಿಗೋರೆ ಕೇಳಿದಾಗ ಅವಳು ಬೇಡವೆಂದು ತಲೆಯಾಡಿಸಿದಳು. ಮುದ್ದೆ ಲೀಗಾ, ಅಷ್ಟೆ.

ಮಿರುನಾ ಈಗ ಪಟ್ಟಣದ ಶಾಲೆಗೆ ಹೋಗುತ್ತಾಳೆ. ಎಲ್ಲ ಊಟಕ್ಕೂ ಎಲ್ಲರೂ ಕರೆಯುವ ಹೆಸರನ್ನೇ ಕರೆಯುತ್ತಾಳೆ, ಬೀಜದ ಪಲ್ಯವೊಂದನ್ನು ಬಿಟ್ಟು. ದೊಮ್ನಿಕಾಳಿಗೆ ಅರವತ್ತು ದಾಟಿದೆ, ಮಂಡಿ ನೋವಿದೆ. ಅವಳು ಈಗಲೂ ವಲೇನಿಯಲ್ಲಿ ಮಕ್ಕಳನ್ನು ಸಾಕುತ್ತಾಳೆ. ಸದ್ಯ ಅವಳ ಮನೆಯಲ್ಲಿ ಮಿರುನಾಳ ಜೊತೆ, ಕಚೇರಿಯವರು ಒಪ್ಪಿಸಿದ ಬೇರೊಂದು ಮನೆಯ ಅಕ್ಕತಂಗಿಯರಿಬ್ಬರು ಇದ್ದಾರೆ.